ನಾಣ್ಯ ಮಾಯ ಮಾಡಲು ನಟನೆ ಕಲಿತೆ: ಒಂದೂವರೆ ವರ್ಷದ ಮೇಲೆ ಬರೆದ ವಿಮರ್ಶೆ

ಬೆಂಗಳೂರಿನಲ್ಲಿ 12 ಭಾನುವಾರಗಳ ನಟನಾ ತರಬೇತಿ, ಶುಲ್ಕ 14,000 ರೂಪಾಯಿ. ಜೊತೆಗಿದ್ದವರಲ್ಲಿ ಹೆಚ್ಚಿನವರಿಗೆ ಧಾರಾವಾಹಿಯ ಕನಸು. ನನಗೆ ಬೇಕಿದ್ದದ್ದು ಒಂದು ನಾಣ್ಯವನ್ನು ನೆಟ್ಟಗೆ ಮಾಯ ಮಾಡುವುದು, ಅಷ್ಟೇ. ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೆ.

ನನ್ನದು ವೇದಿಕೆಯ ಜಾದೂ ಅಲ್ಲ. ಮದುವೆ ಮನೆಯಲ್ಲಿ, ಮೊಳ ದೂರದಲ್ಲಿ ಕೂತವರಿಗೆ ತೋರಿಸುವ ಇಸ್ಪೀಟು, ನಾಣ್ಯದ ಕೈಚಳಕ. ಬೆರಳುಗಳೇನೋ ಪಳಗಿದ್ದವು. ಆದರೂ ಎಡಗೈಯ ನಾಣ್ಯವನ್ನು ಬಲಗೈಗೆ ತೆಗೆದುಕೊಂಡಂತೆ ನಟಿಸುವ ಫ್ರೆಂಚ್ ಡ್ರಾಪ್ ಮಾಡಿದಾಗಲೆಲ್ಲ ಯಾವುದಾದರೊಂದು ಮಗು, 'ಅಂಕಲ್, ಆ ಕೈ ತೋರ್ಸಿ' ಅನ್ನುತ್ತಿತ್ತು.

ನಾಲ್ಕನೇ ವಾರ, ಇಲ್ಲದ ಕೊಡಪಾನ ಎತ್ತುವ ಅಭ್ಯಾಸ. 'ಮೊದಲು ನಿಜವಾದ್ದನ್ನ ಎತ್ತಿ ಬನ್ನಿ' ಎಂದರು ಮೇಷ್ಟ್ರು. ಮನೆಗೆ ಬಂದು ಹತ್ತು ರೂಪಾಯಿ ನಾಣ್ಯವನ್ನು ನಿಜವಾಗಿಯೇ ನೂರು ಸಲ ಕೈ ಬದಲಿಸಿ ಮೊಬೈಲಿನಲ್ಲಿ ಚಿತ್ರಿಸಿಕೊಂಡೆ. ನಿಜ ಮಾಡುವಾಗ ಎಡಗೈ ಸಡಿಲವಾಗಿ ಕೆಳಗಿಳಿಯುತ್ತದೆ, ಕಣ್ಣು ಬಲಗೈಯನ್ನು ಒಮ್ಮೆ ಸವರಿ ಎದುರಿನವರತ್ತ ಹೋಗುತ್ತದೆ. ಸುಳ್ಳು ಮಾಡುವಾಗ ಮಾತ್ರ ಖಾಲಿ ಮುಷ್ಟಿಯನ್ನೇ ದುರುಗುಟ್ಟಿ ನೋಡುತ್ತ, ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದೆ. ಮಕ್ಕಳ ಕಣ್ಣಿಗೆ ಬೀಳುತ್ತಿದ್ದದ್ದು ಅದು! ಗಡಿಯಾರದ ಕಸುಬಿನಿಂದ ಜಾದೂಗೆ ಬಂದ 19ನೇ ಶತಮಾನದ ಫ್ರೆಂಚ್ ಜಾದೂಗಾರ ರಾಬರ್ಟ್-ಹುಡಿನ್, ಜಾದೂಗಾರನೆಂದರೆ ಜಾದೂಗಾರನ ಪಾತ್ರ ಮಾಡುವ ನಟ ಎಂದಿದ್ದ. ಅದರರ್ಥ ಕೋಟು, ಗಡಸು ದನಿ ಎಂದೇ ನಾನು ತಿಳಿದಿದ್ದೆ.

ತಕರಾರುಗಳೂ ಇವೆ. ಏಳನೇ ವಾರ ಹೇಳದೆ ಕೇಳದೆ ಮೇಷ್ಟ್ರನ್ನು ಬದಲಿಸಿದರು. ಹೊಸಬರದು ಎಲ್ಲವೂ ಹಿಂದಿನ ಸಾಲಿಗೆ ಕಾಣುವಂತಿರಬೇಕೆಂಬ ಪಾಠ. ಊಟದ ಮೇಜಿನ ಪಕ್ಕ ಆ ಹುಬ್ಬು, ಆ ಗಂಟಲು ತಂದರೆ ಬಣ್ಣದ ವೇಷ ಬಂದು ಪಂಕ್ತಿಯಲ್ಲಿ ಕೂತ ಹಾಗೆ. ಮೂರು ತಿಂಗಳು ನನ್ನ ಆಟ ಮೊದಲಿಗಿಂತ ಕೆಟ್ಟಿತು. 'ರೀ, ಮನೇಲಿ ಮಾತಾಡೋ ಹಾಗೇ ಮಾತಾಡಿ' ಎಂದು ಹೆಂಡತಿ ಗದರಿದ ಮೇಲೆ ಅದನ್ನೆಲ್ಲ ಬಿಟ್ಟೆ.

ಉಳಿದದ್ದು ಕೇಳಿಸಿಕೊಳ್ಳುವ ಅಭ್ಯಾಸ. ಮೊದಲು 'ನಿಮ್ಮ ಹೆಸರೇನು?' ಎಂದು ಕೇಳಿ ಉತ್ತರಕ್ಕೂ ಕಾಯದೆ ಎಲೆ ತಿರುವುತ್ತಿದ್ದೆ. ಈಗ ಕಾಯುತ್ತೇನೆ. ಉತ್ತರ ಕೊಡುವವರು ನನ್ನ ಮುಖ ನೋಡುತ್ತಾರೆ, ಕೈಗೆ ಬಿಡುವು ಸಿಗುತ್ತದೆ. ಇಷ್ಟು ನಿಧಾನವಾದ ಮೇಲೆ ಇಪ್ಪತ್ತು ಆಟಗಳಲ್ಲಿ ಆರು ಮಾತ್ರ ಉಳಿದವು. ಬೇಜಾರೇನಿಲ್ಲ.

ನಾಲ್ಕು ಸ್ಟಾರ್. ಬೆರಳು ಇನ್ನೂ ತಡವರಿಸುತ್ತಿದ್ದರೆ ಈಗಲೇ ಸೇರಬೇಡಿ, ದುಡ್ಡು ದಂಡ. ಕೈ ಪಳಗಿಯೂ ಸಿಕ್ಕಿಬೀಳುತ್ತಿದ್ದರೆ ಸೇರಿ, ಮೊದಲ ಆರು ವಾರಕ್ಕೇ ಹಣ ಹುಟ್ಟುತ್ತದೆ.

ಹೋದ ತಿಂಗಳು ದಾವಣಗೆರೆಯ ಮದುವೆಯೊಂದರಲ್ಲಿ ಏಳೆಂಟು ವರ್ಷದ ಹುಡುಗಿ ನನ್ನ ಬಲಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. ಖಾಲಿ. ತೋಳೊಳಗೆ ಇಣುಕಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅಷ್ಟರಲ್ಲಿ ನನ್ನ ಎಡಗೈ ತಾಂಬೂಲದ ಚೀಲ ಎತ್ತಿಕೊಂಡಾಗಿತ್ತು.