ಮೇಣದ ಮರಳೋ, ಮಣ್ಣೋ? ಎರಡರ ಮೇಲೂ ಕುದುರೆ ಓಡಿಸಿ ಕಂಡಿದ್ದು

ನಮ್ಮೂರು ಪಾಂಡವಪುರದ ಹತ್ತಿರ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಿದ್ದರು. ಉಳುವ ಮುಂಚೆ ಹಿಡಿ ಮಣ್ಣು ತೆಗೆದು ಅದುಮಿ ನೋಡಿ, "ಇನ್ನೂ ಹದ ಬಂದಿಲ್ಲ ಕಣೋ" ಎನ್ನುತ್ತಿದ್ದರು. ಆ ಹದ ಅನ್ನುವ ಮಾತು ನನ್ನ ಹೊಟ್ಟೆಪಾಡಿಗೂ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ನಾನು ರೇಸ್ ಕುದುರೆಗಳ ಬೆಳಗಿನ ವರ್ಕ್ ರೈಡರ್, ಅಂದರೆ ದಿನಾ ಬೆಳಗ್ಗೆ ಅವುಗಳ ಮೇಲೆ ಕೂತು ತಾಲೀಮು ಮಾಡಿಸುವವನು. ಮೈಸೂರಿನಲ್ಲಿ ಕಲಿತೆ, 2011ರಿಂದ ಆರು ವರ್ಷ ದುಬೈನಲ್ಲಿ ದುಡಿದೆ, ಈಗ ಮತ್ತೆ ಮೈಸೂರಿನಲ್ಲೇ ಇದ್ದೇನೆ.

ದುಬೈ ಲೆಕ್ಕಕ್ಕೆ ಬರುವುದು ಯಾಕೆ ಅಂದರೆ, ಅಲ್ಲಿನ ಮೈದಾನ್ ರೇಸ್ ಕೋರ್ಸ್ 2010ರಲ್ಲಿ ಶುರುವಾದಾಗ ಟಪೇಟಾ ಅನ್ನುವ, ಮೇಣ ಬೆರೆತ ಮರಳಿನ ಸಿಂಥೆಟಿಕ್ ಟ್ರ್ಯಾಕ್ ಹಾಕಿದ್ದರು. 2014ರಲ್ಲಿ ಅದನ್ನು ಕಿತ್ತು ಮಣ್ಣು ಹಾಕಿದರು. ಹಾಗಾಗಿ ಒಂದೇ ಜಾಗದಲ್ಲಿ, ಕೆಲವು ಸಲ ಅದೇ ಕುದುರೆಯ ಮೇಲೆ ಕೂತು, ನಾನು ಎರಡನ್ನೂ ನೋಡಿದೆ. ಇಲ್ಲಿನ ಲಾಯದಲ್ಲಿ ಹುಡುಗರು "ಯಾವುದು ಒಳ್ಳೇದು ಅಣ್ಣ?" ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ರೇಸ್ ನಡೆಯುವುದು ಹುಲ್ಲಿನ ಮೇಲೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಿನಾ ಬೆಳಗ್ಗೆ ಕುದುರೆ ಓಡುವುದು ಹೆಚ್ಚಾಗಿ ಮರಳಿನ ಟ್ರ್ಯಾಕ್ ಮೇಲೆ. ಅದನ್ನು ನಾನು ಮಣ್ಣಿನ ಟ್ರ್ಯಾಕ್ ಜೊತೆಗೇ ಸೇರಿಸುತ್ತೇನೆ. ರೇಸ್ ಓಡುವುದು ಒಂದೆರಡು ನಿಮಿಷ. ಕಾಲು ಸವೆಯುವುದು ಬೆಳಗಿನ ಕೆಲಸದಲ್ಲಿ. ಅದಕ್ಕೇ ಈ ಚರ್ಚೆ ನಮಗೂ ಬೇಕು.

ಮೊದಲು ಕಾಲಿನ ವಿಚಾರ. ಐನೂರು ಕಿಲೋ ಹತ್ತಿರದ ಪ್ರಾಣಿ ಗ್ಯಾಲಪ್‌ನಲ್ಲಿ, ಅಂದರೆ ಪೂರ್ತಿ ವೇಗದಲ್ಲಿ ಓಡುವಾಗ, ಒಂದು ಗಳಿಗೆ ಒಂದೇ ಮುಂಗಾಲಿನ ಮೇಲೆ ಮೈತೂಕದ ಎರಡು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತದೆ. ಗೊರಸು ನೆಲ ಮುಟ್ಟಿದ ಕೂಡಲೇ ಸ್ವಲ್ಪ ಮುಂದಕ್ಕೆ ಜಾರುತ್ತದೆ, ಆಮೇಲೆ ನಿಲ್ಲುತ್ತದೆ, ಆಮೇಲೆ ತುದಿ ಒಳಗಿಳಿದು ಹಿಂದಕ್ಕೆ ತಳ್ಳುತ್ತದೆ. ಮಣ್ಣಿನ ಮೇಲೆ ಆ ಜಾರುವಿಕೆ ಹೆಚ್ಚು. ಮೇಲಿನ ಮೆತ್ತನೆ ಪದರ ಚೆಲ್ಲಿಹೋಗಿ, ಕೆಳಗಿನ ಗಟ್ಟಿ ತಳದ ಪೆಟ್ಟು ಕಾಲಿಗೆ ತಾಗುತ್ತದೆ. ಕೂತವನಿಗೂ ಅದು ತೊಡೆಯವರೆಗೆ ಗೊತ್ತಾಗುತ್ತದೆ. ಟಪೇಟಾ ಮೇಲೆ ಆ ನಡುಕ ಇರುತ್ತಿರಲಿಲ್ಲ. ಮರಳು, ನಾರು, ರಬ್ಬರ್ ಚೂರು, ಎಲ್ಲಕ್ಕೂ ಮೇಣದ ಲೇಪ. ಕೈಯಲ್ಲಿ ಅದುಮಿದರೆ ತಂಬಿಟ್ಟಿನ ಉಂಡೆ ಹಾಗೆ ಬೆರಳಚ್ಚು ಹಿಡಿದು ನಿಲ್ಲುತ್ತಿತ್ತು. ಮುಂಗಾಲು ನೋಯುತ್ತಿದ್ದ ಒಂದು ಗಂಡು ಕುದುರೆ ಗಟ್ಟಿ ನೆಲದ ಮೇಲೆ ತಲೆ ಎತ್ತಿ ಎತ್ತಿ ಓಡುತ್ತಿತ್ತು. ಟಪೇಟಾ ಮೇಲೆ ಅದೇ ಕುದುರೆ ಕುತ್ತಿಗೆ ಚಾಚಿ ನಿರಾಳವಾಗಿ ಕ್ಯಾಂಟರ್ (ಹಗುರ ಓಟ) ಮಾಡುತ್ತಿತ್ತು. ಅದರ ಉಸಿರಾಟವೇ ಬೇರೆ ಆಗುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಇನ್ನೊಬ್ಬರ ವಾದ ಬೇಕಾಗಲಿಲ್ಲ.

ಆದರೆ ಇನ್ನೊಂದು ಬದಿ ಇದೆ. ಸಿಂಥೆಟಿಕ್ ಗೊರಸನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಬಿಡುವುದೇ ಇಲ್ಲ ಅನ್ನಬಹುದು. ಹಿಂಗಾಲು, ತೊಡೆ, ಸ್ನಾಯುಗಳ ನೋವು ಜಾಸ್ತಿ ಆಯಿತು ಅಂತ ಅಮೆರಿಕದಲ್ಲಿ ಎಷ್ಟೋ ಟ್ರೇನರ್‌ಗಳು ದೂರಿದರು. ನನಗೂ ಸ್ವಲ್ಪ ಹಾಗೇ ಕಂಡಿತು. ಬೆನ್ನು ಬಿಗಿದ ಕುದುರೆಗಳು ಆ ದಿನಗಳಲ್ಲಿ ಜಾಸ್ತಿ ಸಿಗುತ್ತಿದ್ದವು. ಬಿಗಿದ ಬೆನ್ನು ತಿಂಗಳಲ್ಲಿ ಸರಿಹೋಗುತ್ತದೆ. ಮುರಿದ ಮುಂಗಾಲು ಸರಿಹೋಗುವುದಿಲ್ಲ. ನನ್ನ ಲೆಕ್ಕ ಇಷ್ಟೇ.

ಅಂಕಿಯೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ 2008ರಿಂದ ಕುದುರೆಗಳ ಗಾಯದ ಲೆಕ್ಕ ಇಡುತ್ತಿದ್ದಾರೆ. ಒಂದು ಕುದುರೆ ಒಂದು ರೇಸ್ ಓಡಿದರೆ ಒಂದು ಓಟ ಅಂತ ಲೆಕ್ಕ. 2023ರಲ್ಲಿ ಪ್ರತಿ ಸಾವಿರ ಓಟಕ್ಕೆ ಸತ್ತ ಕುದುರೆಗಳು ಸಿಂಥೆಟಿಕ್ ಮೇಲೆ 0.97, ಹುಲ್ಲಿನ ಮೇಲೆ 1.13, ಮಣ್ಣಿನ ಮೇಲೆ 1.43. ಒಂದು ಮಾತು ನೆನಪಿರಲಿ. ಇದು ರೇಸ್ ಓಟಗಳ ಲೆಕ್ಕ ಮಾತ್ರ. ಬೆಳಗಿನ ವರ್ಕ್‌ನಲ್ಲಿ ಬಿದ್ದ ಕುದುರೆ ಇದರೊಳಗೆ ಬರುವುದಿಲ್ಲ. ನನ್ನಂಥವನಿಗೆ ಅದು ದೊಡ್ಡ ಕೊರತೆ.

ಮುಖಕ್ಕೆ ರಾಚುವ ಮಣ್ಣು. ಮಣ್ಣಿನ ಟ್ರ್ಯಾಕ್‌ನಲ್ಲಿ ಹಿಂದೆ ಓಡುವ ಕುದುರೆಗೆ ಮುಂದಿನ ಗೊರಸುಗಳಿಂದ ಹೆಂಟೆ ಹೆಂಟೆ ಬಂದು ಬಡಿಯುತ್ತದೆ. ಎರಡು ಮೂರು ಗಾಗಲ್ಸ್ ಒಂದರ ಮೇಲೊಂದು ಹಾಕಿಕೊಂಡು ಜಾಕಿಗಳು ಓಡುತ್ತಾರೆ. ಕುದುರೆಗೆ ಆ ಭಾಗ್ಯ ಇಲ್ಲ. ಮೊದಲ ಸಲ ಮುಖಕ್ಕೆ ಬಿದ್ದಾಗ ಕೆಲವು ತಲೆ ಅಡ್ಡ ಹಾಕಿ, ಓಡುವುದನ್ನೇ ಬಿಟ್ಟುಬಿಡುತ್ತವೆ. ಅದಕ್ಕೇ ಮಣ್ಣಿನ ಮೇಲೆ ಗೇಟ್‌ನಿಂದ ಹೊರಬಿದ್ದ ಕೂಡಲೇ ಮುಂದೆ ಹೋಗುವ ಕುದುರೆಗೆ ಲಾಭ. ಸಿಂಥೆಟಿಕ್ ಮೇಲೆ ಹಿಂದೆ ಕಾದು ಕೊನೆಗೆ ಬರುವ ಕುದುರೆಗೂ, ಹುಲ್ಲಿನ ಮೇಲೆ ಓಡಿ ರೂಢಿಯಾದ ಕುದುರೆಗೂ ಅವಕಾಶ ಇರುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಅನೀಟಾ ರೇಸ್ ಕೋರ್ಸ್‌ನಲ್ಲಿ ಅಮೆರಿಕದ ದೊಡ್ಡ ರೇಸ್ ಆದ ಬ್ರೀಡರ್ಸ್ ಕಪ್ ಕ್ಲಾಸಿಕ್ 2008ರಲ್ಲಿ ಸಿಂಥೆಟಿಕ್ ಮೇಲೆ ನಡೆಯಿತು. ಮಣ್ಣಿನ ರಾಜ ಅನಿಸಿಕೊಂಡ ಅಮೆರಿಕದ ಕುದುರೆ ಕರ್ಲಿನ್ ನಾಲ್ಕನೆಯದಾಗಿ ಬಂದ. ಗೆದ್ದಿದ್ದು ಇಂಗ್ಲೆಂಡಿನಿಂದ ಬಂದ ರೇವನ್ಸ್ ಪಾಸ್.

ಅಮೆರಿಕದವರಿಗೆ ಸಿಟ್ಟು ಬಂದಿದ್ದೂ ಇದಕ್ಕೇ. ಅವರ ತಳಿಯೇ ಮಣ್ಣಿಗಾಗಿ ಬೆಳೆಸಿದ್ದು. ಮೈದಾನ್‌ನಲ್ಲಿ ಟಪೇಟಾ ಇದ್ದಾಗ ಅವರ ದೊಡ್ಡ ಕುದುರೆಗಳು ಅಷ್ಟಾಗಿ ಬರುತ್ತಿರಲಿಲ್ಲ. ಮಣ್ಣು ಹಾಕಿದ ಮೇಲೆ 2015ರಲ್ಲಿ ಅಲ್ಲಿನ ದೊಡ್ಡ ರೇಸ್ ಆದ ದುಬೈ ವರ್ಲ್ಡ್ ಕಪ್‌ಗೆ ಕ್ಯಾಲಿಫೋರ್ನಿಯಾ ಕ್ರೋಮ್ ಅನ್ನುವ ಅಮೆರಿಕದ ಕುದುರೆ ಬಂದ, ಎರಡನೆಯದಾದ. 2016ರಲ್ಲಿ ಮತ್ತೆ ಬಂದು, ಜೀನು ಹಿಂದಕ್ಕೆ ಸರಿದಿದ್ದರೂ ಅದನ್ನೇ ಗೆದ್ದ. ಆ ಓಟ ಇವತ್ತಿಗೂ ನನ್ನ ಕಣ್ಣಲ್ಲಿದೆ. ನೋಡುವುದಕ್ಕೆ ಮಣ್ಣಿನ ರೇಸ್ ಚೆಂದ, ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಮಳೆ ಮತ್ತು ಬಿಸಿಲು. ಮಣ್ಣಿನ ಟ್ರ್ಯಾಕ್‌ಗೆ ಮಳೆ ಬರುವ ಸೂಚನೆ ಸಿಕ್ಕರೆ ರೋಲರ್ ಎಳೆದು ಮೇಲ್ಪದರ ಗಟ್ಟಿ ಮಾಡುತ್ತಾರೆ, ನೀರು ಇಂಗದೆ ಹರಿದುಹೋಗಲಿ ಅಂತ. ಆಮೇಲೆ ಅದನ್ನು ಮತ್ತೆ ಸಡಿಲ ಮಾಡಬೇಕು. ಹದ ಕೆಡುವುದೇ ಆ ನಡುವೆ. ಸಿಂಥೆಟಿಕ್‌ನಲ್ಲಿ ನೀರು ಕೆಳಗಿಳಿದು ಚರಂಡಿಗೆ ಹೋಗುತ್ತದೆ. ಸುರಿಯುವ ಮಳೆಯಲ್ಲೂ ಓಡಿಸಬಹುದು. ಆದರೆ ಕೆಳಗಿನ ಕೆಲಸ ಸರಿ ಇರಬೇಕು. ಸಾಂಟಾ ಅನೀಟಾದಲ್ಲಿ 2007ರಲ್ಲಿ ಹಾಕಿದ ಸಿಂಥೆಟಿಕ್, 2008ರ ಜನವರಿ ಮಳೆಗೆ ನೀರು ಇಂಗದೆ ರೇಸ್ ದಿನಗಳನ್ನೇ ನುಂಗಿತು. 2010ರ ಕೊನೆಗೆ ಅವರು ಮಣ್ಣಿಗೆ ವಾಪಸ್ ಹೋದರು. ಅದೇ ಜಾಗದಲ್ಲಿ 2018ರ ಡಿಸೆಂಬರ್‌ನಿಂದ 2019ರ ಜೂನ್ ಒಳಗೆ 30 ಕುದುರೆಗಳು ಸತ್ತವು. ಎಲ್ಲವೂ ಮಣ್ಣಿನ ಮೇಲೆ ಸತ್ತಿದ್ದಲ್ಲ, ಹುಲ್ಲಿನ ಮೇಲೂ ಬಿದ್ದವು. ಆದರೂ ಜೋರು ಮಳೆ ಹಿಡಿದ ಆ ವರ್ಷ, ಮಾರ್ಚ್‌ನಲ್ಲಿ ಟ್ರ್ಯಾಕ್ ಮುಚ್ಚಿ ಪರೀಕ್ಷೆ ಮಾಡಬೇಕಾಯಿತು.

ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ಚಳಿಗೆ ಬಿಗಿಯುತ್ತದೆ. ನಸುಕಿನ ನಾಲ್ಕಕ್ಕೆ ಇದ್ದ ಟ್ರ್ಯಾಕ್ ಎಂಟಕ್ಕೆ ಬೇರೆ ಆಗಿರುತ್ತಿತ್ತು. ಮೈಸೂರಿನ ಏಪ್ರಿಲ್ ಬಿಸಿಲಿಗೆ ಇದು ಸಣ್ಣ ವಿಷಯ ಅಲ್ಲ.

ನೋಡಿಕೊಳ್ಳುವುದು. ಸಿಂಥೆಟಿಕ್ ಹಾಕಿದರೆ ಸಾಕು, ಆಮೇಲೆ ಕೆಲಸವೇ ಇಲ್ಲ ಅಂತ ತುಂಬ ಜನ ನಂಬಿದ್ದರು. ಹಾಗಲ್ಲ. ಲದ್ದಿ ಬಿದ್ದ ಕೂಡಲೇ ಎತ್ತಬೇಕು, ಇಲ್ಲದಿದ್ದರೆ ಪುಡಿಯಾಗಿ ಸೇರಿಕೊಂಡು ಪದರವನ್ನೇ ಕೆಡಿಸುತ್ತದೆ. ಕೆಲವು ವರ್ಷಕ್ಕೆ ಮೇಣ ಮತ್ತೆ ಬೆರೆಸಬೇಕು. ಮಣ್ಣಿಗಾದರೆ ದಿನಾ ನೀರು, ದಿನಾ ಹಲುಬೆ. ಹಲುಬೆಯ ಹಲ್ಲು ಒಂದು ಕಡೆ ಒಂದಂಗುಲ ಆಳಕ್ಕೆ ಹೋಗಿ ಇನ್ನೊಂದು ಕಡೆ ಮೇಲೆ ಉಳಿದರೆ, ಕುದುರೆ ಒಂದೇ ಓಟದಲ್ಲಿ ಎರಡು ನೆಲ ತುಳಿಯುತ್ತದೆ. ನನ್ನ ಕೈಯಲ್ಲಿದ್ದ ಒಂದು ಹೆಣ್ಣು ಕುದುರೆ ಹಾಗೇ ಮುಂಗಾಲಿನ ಸ್ನಾಯುರಜ್ಜು (ಟೆಂಡನ್) ಹರಿದುಕೊಂಡಿತು. ಅಂದು ತಿರುವಿನಲ್ಲಿ ಮರಳು ಒಂದೇ ಸಮ ಇರಲಿಲ್ಲ. ನನಗೆ ಕ್ಯಾಂಟರ್‌ನಲ್ಲೇ ಅನುಮಾನ ಬಂದಿತ್ತು, ಆದರೂ ನಿಲ್ಲಿಸಲಿಲ್ಲ. ಅದು ಮತ್ತೆ ರೇಸ್ ಓಡಲಿಲ್ಲ.

ಹಾಗಾದರೆ ಮೈಸೂರಿಗೆ ಯಾವುದು? ರೇಸ್‌ಗೆ ನಮ್ಮ ಹುಲ್ಲೇ ಇರಲಿ. ಬೆಳಗಿನ ವರ್ಕ್‌ಗೆ ನಾನು ಸಿಂಥೆಟಿಕ್ ಕಡೆ. ಹುಲ್ಲಿನ ಮೇಲೆ ಓಡುವ ಕುದುರೆ ಅದಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ ಕೆಲಸ ನಿಲ್ಲುವುದಿಲ್ಲ. ಗಾಯದಿಂದ ಎದ್ದ ಕುದುರೆಗೆ ಅದಕ್ಕಿಂತ ಒಳ್ಳೆಯ ನೆಲ ನಾನು ಕಂಡಿಲ್ಲ. ಇಡೀ ಸುತ್ತು ಬೇಡ. ಐದು ಫರ್ಲಾಂಗ್‌ನ ಒಂದು ನೇರ ಪಟ್ಟಿ, ಕೆಳಗೆ ಸರಿಯಾದ ಚರಂಡಿ, ದಿನಾ ಲದ್ದಿ ಎತ್ತಿ ಆಳ ಅಳೆಯಲು ಇಬ್ಬರು ಖಾಯಂ ಆಳುಗಳು. ಆ ಇಬ್ಬರ ಸಂಬಳಕ್ಕೆ ದುಡ್ಡಿಲ್ಲ ಅಂದರೆ ಮಾತ್ರ ಮರಳನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.