ಕಿಡ್ನಿ ಸೆಲ್ ಪ್ರಾಜೆಕ್ಟಿಗೆ ಹೆಚ್‌ಇಕೆ 293 ಆ, ಹೆಚ್‌ಕೆ-2 ಆ, ಎಂಡಿಸಿಕೆ ಆ?

ಲ್ಯಾಬಲ್ಲಿ ಬೆಳೆಸೋ ಈ ಮೂರು ಥರ ಕಿಡ್ನಿ ಸೆಲ್ಲಲ್ಲಿ ಯಾವುದು ತಗೋಬೇಕು ಅಂತ ಮಡಿಕೇರಿಯಿಂದ ಕೇಳಿದ ತಂಗಿಗೆ ಹೇಳೋದು, ಮೊದ್ಲು ನಿನ್ನ ಪ್ರಶ್ನೆ ಏನಂತ ಗಟ್ಟಿ ಮಾಡ್ಕೋ, ಸೆಲ್ಲು ಆಮೇಲೆ.

ಖರ್ಚು, ಸಲೀಸು ನೋಡಿದ್ರೆ ಹೆಚ್‌ಇಕೆ 293. ಮಾಮೂಲಿ ಮೀಡಿಯಾ (ಸೆಲ್ ಬೆಳೆಸೋ ದ್ರವ) ಸಾಕು, ಬೇಗ ಬೆಳೀತವೆ, ಹೊರಗಿನ ಜೀನ್ ಸುಲಭವಾಗಿ ಒಳಗೆ ಬಿಟ್ಕೊಳ್ತವೆ, ಪ್ರೊಮೋಟರ್, ಅಂದ್ರೆ ಜೀನಿನ ಸ್ವಿಚ್, ಆನ್ ಆಗುತ್ತಾ ಅಂತ ಲೂಸಿಫೆರೇಸಲ್ಲಿ (ಬೆಳಕು ಕೊಡೋ ಎಂಜೈಮ್) ನೋಡೋಕೆ ಇದೇ ಸರಿ. ಆದ್ರೆ ಅಡೆನೋವೈರಸ್ ಡಿಎನ್‌ಎ ಸೇರಿಸಿ ಮಾಡಿದ ಸೆಲ್ ಇದು, ನರಕೋಶದ ಗುಣಗಳೂ ಇವೆ, ಇದನ್ನ ನೋಡಿ ಕಿಡ್ನಿಯಲ್ಲೂ ಹೀಗೇ ಅಂತ ದಯವಿಟ್ಟು ಬರೀಬೇಡ.

ಟಿಜಿಎಫ್-ಬೀಟಾ ಅನ್ನೋ ಸಿಗ್ನಲ್ ಪ್ರೋಟೀನ್ ಕೊಟ್ಟಾಗ ಅದರ ಸಂದೇಶ ಒಯ್ಯೋ ಸ್ಮ್ಯಾಡ್ ಪ್ರೋಟೀನ್ ಮೂಲಕ ಫೈಬ್ರೋಸಿಸ್ (ಅಂಗಾಂಶ ಕಲೆಗಟ್ಟಿ ಗಟ್ಟಿಯಾಗೋದು) ಜೀನ್‌ಗಳು ಹೇಗೆ ಏರ್ತವೆ ಅನ್ನೋದಾದ್ರೆ ಹೆಚ್‌ಕೆ-2 ತಗೋ, ಅದು ಮನುಷ್ಯರ ಕಿಡ್ನಿಯ ಪ್ರಾಕ್ಸಿಮಲ್ ಟ್ಯೂಬ್ಯೂಲಿಂದ (ಸೋಸಿದ ದ್ರವ ಮೊದಲು ಹಾಯೋ ಕೊಳವೆ) ಬಂದಿದ್ದು. ಮೀಡಿಯಾ ದುಬಾರಿ, ಜೊತೆಗೆ ಅದಕ್ಕೆ ಇಜಿಎಫ್ (ಸೆಲ್ ಬೆಳೆಯೋಕೆ ಹೇಳೋ ಪ್ರೋಟೀನ್) ಹಾಕಿ ಬೆಳೆಸ್ತಾರೆ, ಅಂದ್ರೆ ಇಆರ್‌ಕೆ ಅನ್ನೋ ಬೆಳವಣಿಗೆ ಸಿಗ್ನಲ್ ಮೊದಲೇ ಎದ್ದಿರುತ್ತೆ, ಇಜಿಎಫ್ ತೆಗೆದು ಒಂದು ರಾತ್ರಿ ಉಪವಾಸ ಇಡದೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ನೋಡೋ ಪರೀಕ್ಷೆ) ಮಾಡಿದ್ರೆ ವ್ಯತ್ಯಾಸ ಕಾಣೋದು ಕಷ್ಟ. ಪಿ53 (ಕ್ಯಾನ್ಸರ್ ತಡೆಯೋ ಪ್ರೋಟೀನ್) ಕೆಲ್ಸಕ್ಕೆ ಈ ಎರಡೂ ಬೇಡ, ಎರಡರಲ್ಲೂ ವೈರಸ್ ಜೀನ್‌ಗಳು ಅದನ್ನ ಅಡ್ಡಗಟ್ಟಿವೆ.

ಎಂಡಿಸಿಕೆ ನಾಯಿ ಕಿಡ್ನಿಯದ್ದು. ಕೊಲಾಜನ್ ಜೆಲ್ಲಲ್ಲಿ ಹೆಚ್‌ಜಿಎಫ್ ಅನ್ನೋ ಇನ್ನೊಂದು ಬೆಳವಣಿಗೆ ಪ್ರೋಟೀನ್ ಕೊಟ್ರೆ ಕೊಳವೆ ಥರ ಬೆಳೀತವೆ, ಆಕಾರದ ಪ್ರಶ್ನೆಗೆ ಚಿನ್ನ. ಪ್ರೈಮರ್ (ಜೀನ್ ಹುಡುಕೋ ಡಿಎನ್‌ಎ ತುಣುಕು), ಆಂಟಿಬಾಡಿ (ಪ್ರೋಟೀನ್ ಗುರುತು ಹಿಡಿಯೋದು) ಮಾತ್ರ ನಾಯಿಗೆ ಹೊಂದುತ್ತಾ ನೋಡು.

ಯಾವುದೇ ತಗೊಂಡ್ರೂ ಕೊಡಗಿನ ಜುಲೈ ಮಳೇಲಿ ಕರೆಂಟ್ ಹೋಗುತ್ತೆ, ಇನ್‌ಕ್ಯುಬೇಟರಿಗೆ ಜನರೇಟರ್ ಲೈನ್ ಇದ್ಯಾ ಕೇಳಿ, ಸೆಲ್ಲಿನ ಒಂದಷ್ಟು ವಯಲ್ ಲಿಕ್ವಿಡ್ ನೈಟ್ರೋಜನ್ನಲ್ಲಿ ಇಟ್ಟೇ ಶುರು ಮಾಡು.