ಕ್ರಿಸ್‌ಮಸ್ ರಜೆಗೆ ಯಾವ ಸಿನಿಮಾ? ಹೋಮ್ ಅಲೋನ್‌ನಿಂದ ರೆಡ್ ಒನ್‌ವರೆಗೆ

ಡಿಸೆಂಬರ್ ಬಂತೆಂದರೆ ಒಟಿಟಿಗಳ ತುಂಬ ಕೆಂಪು ಟೊಪ್ಪಿಗೆ, ಹಸಿರು ಮರ, ಬಿಳಿ ಹಿಮದ ಪೋಸ್ಟರ್‌ಗಳು. ಎಲ್ಲವೂ ಒಂದೇ ಥರ ಕಾಣುತ್ತವೆ. ಇವುಗಳಲ್ಲಿ ಪ್ರತಿ ವರ್ಷ ನೋಡಬಹುದಾದದ್ದು ಯಾವುದು, ಅರ್ಧಕ್ಕೇ ಬಿಡಬೇಕಾದದ್ದು ಯಾವುದು ಎಂದು ಆರಿಸಲು ನಾನು ಹಿಡಿಯುವ ಅಳತೆ ಒಂದೇ. ಹಬ್ಬದ ದಿನ ಒಂಟಿಯಾಗಿ ಉಳಿದವರ ಸಂಕಟವನ್ನು ಆ ಸಿನಿಮಾ ನಿಜವಾಗಿ ಕಟ್ಟಿದೆಯೇ? ದೀಪ, ಹಾಡು, ಉಡುಗೊರೆ ಎಲ್ಲ ಆಮೇಲಿನ ಮಾತು. ಸಂಕಟ ಗಟ್ಟಿಯಾಗಿದ್ದರೆ ಕೊನೆಯ ಹತ್ತು ನಿಮಿಷದ ಸಂತೋಷ ನಂಬಿಕೆಗೆ ಬರುತ್ತದೆ. ಅದಿಲ್ಲದಿದ್ದರೆ ಉಳಿಯುವುದು ಬರೀ ಅಲಂಕಾರ.

ಹೋಮ್ ಅಲೋನ್ (1990, 103 ನಿಮಿಷ) ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಳ್ಳರ ಮುಖಕ್ಕೆ ಬಡಿಯುವ ಪೇಂಟ್ ಡಬ್ಬಿಗಳು. ಆದರೆ ಈ ಚಿತ್ರದ ನಿಜವಾದ ಕಸುಬು ಇರುವುದು ಶುರುವಿನ ಭಾಗದಲ್ಲಿ. ಎಂಟು ವರ್ಷದ ಮಗ ಕೆವಿನ್‌ನನ್ನು ಮನೆಯಲ್ಲೇ ಬಿಟ್ಟು ಇಡೀ ಕುಟುಂಬ ಪ್ಯಾರಿಸ್‌ಗೆ ಹಾರುವುದನ್ನು ಯಾರು ತಾನೇ ನಂಬುತ್ತಾರೆ? ನಂಬಿಸಲು ಚಿತ್ರಕಥೆಗಾರ ಜಾನ್ ಹ್ಯೂಸ್ ನಮ್ಮ ಒಂದೊಂದು ಪ್ರಶ್ನೆಗೂ ಮೊದಲೇ ಉತ್ತರ ಇಟ್ಟಿದ್ದಾರೆ. ಹಿಂದಿನ ರಾತ್ರಿ ಪಿಜ್ಜಾ ಜಗಳದಲ್ಲಿ ಹಾಲು ಚೆಲ್ಲುತ್ತದೆ. ಒರೆಸಿದ ಕಾಗದಗಳ ಜೊತೆ ಕೆವಿನ್‌ನ ವಿಮಾನದ ಟಿಕೆಟ್ ಕೂಡ ಕಸದ ಬುಟ್ಟಿ ಸೇರುತ್ತದೆ. ಶಿಕ್ಷೆಯೆಂದು ಅವನನ್ನು ಎಲ್ಲರಿಂದ ದೂರ, ಮೇಲಿನ ಅಟ್ಟದ ಕೋಣೆಗೆ ಮಲಗಲು ಕಳಿಸಿರುತ್ತಾರೆ. ರಾತ್ರಿಯ ಗಾಳಿಗೆ ಕರೆಂಟ್ ಹೋಗಿ ಅಲಾರಾಂ ಹೊಡೆಯುವುದಿಲ್ಲ, ಎಲ್ಲರಿಗೂ ಗಡಿಬಿಡಿ. ವ್ಯಾನಿನ ಹತ್ತಿರ ಮಕ್ಕಳ ತಲೆ ಎಣಿಸುವಾಗ ಸಾಮಾನು ಕೆದಕುತ್ತಾ ನಿಂತಿದ್ದ ಎದುರು ಮನೆಯ ಹುಡುಗನೂ ಲೆಕ್ಕಕ್ಕೆ ಸೇರಿಬಿಡುತ್ತಾನೆ. ವಿಮಾನದಲ್ಲಿ ದೊಡ್ಡವರು ಮುಂದಿನ ಫಸ್ಟ್ ಕ್ಲಾಸ್‌ನಲ್ಲಿ, ಮಕ್ಕಳು ಹಿಂದೆ. ಫೋನ್ ಮಾಡೋಣವೆಂದರೆ ಆ ಬೀದಿಯ ಲೈನ್ ಹಾಳಾಗಿದೆ. ಇವುಗಳಲ್ಲಿ ಒಂದನ್ನು ತೆಗೆದರೂ ಕಥೆ ಕುಸಿಯುತ್ತದೆ. ಚಿತ್ರಕಥೆ ಬರೆಯಲು ಆಸೆ ಇರುವವರು ಈ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಟಿಕೆಟ್ ಬುಟ್ಟಿಗೆ ಹೋಗುವುದು ಕ್ಷಣಮಾತ್ರ ಕಾಣುತ್ತದೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ನಿರ್ದೇಶಕ ಕ್ರಿಸ್ ಕೊಲಂಬಸ್ ಕ್ಯಾಮೆರಾವನ್ನು ಹುಡುಗನ ಕಣ್ಣಿನ ಎತ್ತರಕ್ಕೆ ಇಳಿಸಿ, ಅಗಲದ ಲೆನ್ಸ್ ಹಾಕಿ ದೊಡ್ಡವರನ್ನು ಭಯ ಹುಟ್ಟಿಸುವಷ್ಟು ಎತ್ತರ ಕಾಣಿಸುತ್ತಾರೆ. ಮನೆಯ ಗೋಡೆ, ಪರದೆ, ಹಾಸಿಗೆ, ಬಟ್ಟೆ ಎಲ್ಲದರಲ್ಲೂ ಕೆಂಪು ಹಸಿರು ಹೊಂದಿಸಿದ್ದಾರೆ. ಹೊರಗಿನ ಮನೆ ಷಿಕಾಗೋ ಬಳಿಯ ವಿನೆಟ್ಕಾದಲ್ಲಿ ಇರುವ ನಿಜವಾದ ಮನೆ. ಒಳಗಿನ ಬಹುಪಾಲು ದೃಶ್ಯಗಳಿಗೆ ಮುಚ್ಚಿದ್ದ ಒಂದು ಹೈಸ್ಕೂಲಿನ ಜಿಮ್‌ನಲ್ಲಿ ಸೆಟ್ ಹಾಕಿದ್ದರು. ಕಳ್ಳರು ಮೆಟ್ಟಿಲಿನಿಂದ ಜಾರಿ ಬೀಳುವುದು ಗ್ರಾಫಿಕ್ಸ್ ಅಲ್ಲ, ಸ್ಟಂಟ್ ಕಲಾವಿದರು ನಿಜವಾಗಿಯೇ ಬಿದ್ದದ್ದು. ಇಂದಿಗೂ ಆ ಪೆಟ್ಟು ನೋಡುವವರ ಮೈಗೆ ತಟ್ಟುವುದು ಅದಕ್ಕೇ. ಇಷ್ಟಾದರೂ ಚಿತ್ರವನ್ನು ಎತ್ತಿ ನಿಲ್ಲಿಸುವುದು ಚರ್ಚಿನಲ್ಲಿ ಪಕ್ಕದ ಮನೆಯ ಮುದುಕ ಮಾರ್ಲಿ ಬಂದು ಕೆವಿನ್ ಪಕ್ಕ ಕೂರುವ ದೃಶ್ಯ. ಇಬ್ಬರೂ ಮನೆಯವರೊಂದಿಗೆ ಜಗಳ ಮಾಡಿಕೊಂಡು ಒಂಟಿಯಾದವರು. ಹಿನ್ನೆಲೆಯಲ್ಲಿ ಮಕ್ಕಳ ಮೇಳಗಾಯನ (ಕಾಯಿರ್), ಇವರ ಮಾತು ಮೆಲ್ಲಗೆ. ಜಾನ್ ವಿಲಿಯಮ್ಸ್ ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಈ ದೃಶ್ಯವನ್ನು ಓಡಿಸಿ, ಕಳ್ಳರಿಗೆ ಹುಡುಗ ಒಡ್ಡುವ ಬೂಬಿಟ್ರ್ಯಾಪ್‌ಗಳಿಗೆ ಹಾರುವವರು ಅರ್ಧ ಸಿನಿಮಾ ಕಳೆದುಕೊಳ್ಳುತ್ತಾರೆ.

ಎರಡನೆಯ ಭಾಗ (1992) ನ್ಯೂಯಾರ್ಕಿಗೆ ಹೋಗುತ್ತದೆ, ಆದರೆ ಅಸ್ಥಿಪಂಜರ ಅದೇ: ಜಗಳ, ಮರೆವು, ಹೆದರಿಸುವ ಅಪರಿಚಿತರು, ಆಮೇಲೆ ಗೆಳೆತನ, ಕಳ್ಳರು. ಮಹಡಿಯಿಂದ ಇಟ್ಟಿಗೆ ಎಸೆಯುವಾಗ ನಗುವಿಗಿಂತ ನೋವು ಮುಂದೆ ಬರುತ್ತದೆ. ಮೊದಲನೆಯದರಲ್ಲಿ ಹುಡುಗ ತನ್ನ ಮನೆ ಕಾಯುತ್ತಿದ್ದ, ಇಲ್ಲಿ ತಾನೇ ಕಳ್ಳರನ್ನು ಖಾಲಿ ಮನೆಗೆ ಕರೆತರುತ್ತಾನೆ. ವ್ಯತ್ಯಾಸ ಅಲ್ಲೇ ಇದೆ.

ಹಳೆಯ ಕಪ್ಪು-ಬಿಳುಪು ಎಂದು ನಮ್ಮ ವಯಸ್ಸಿನವರು ಮುಟ್ಟದೇ ಬಿಡುವ ಚಿತ್ರ ಇಟ್ಸ್ ಎ ವಂಡರ್‌ಫುಲ್ ಲೈಫ್ (1946, 130 ನಿಮಿಷ). ದಯವಿಟ್ಟು ಬಿಡಬೇಡಿ. ಫ್ರಾಂಕ್ ಕಾಪ್ರಾ ನಿರ್ದೇಶನ, ಜೇಮ್ಸ್ ಸ್ಟೀವರ್ಟ್ ನಟನೆ. ದೇವದೂತ ಭೂಮಿಗೆ ಇಳಿದು ಬರುವುದು ಕೊನೆಯ ಮೂರನೇ ಭಾಗದಲ್ಲಿ. ಅಲ್ಲಿಯವರೆಗೆ ಇದು ಊರು ಬಿಟ್ಟು ಹೋಗಬೇಕೆಂದು ಹಂಬಲಿಸುವ, ಪ್ರತಿ ಸಲವೂ ಯಾರಿಗೋ ಆಸರೆಯಾಗಿ ಉಳಿದುಬಿಡುವ ಯುವಕ ಜಾರ್ಜ್‌ನ ಕಥೆ. ಬ್ಯಾಂಕಿಗೆ ಜನ ಮುಗಿಬೀಳುವ ದೃಶ್ಯದಲ್ಲಿ ಜಾರ್ಜ್ ತನ್ನ ಮಧುಚಂದ್ರದ 2,000 ಡಾಲರ್ ಹಂಚಿ, ದಿನದ ಕೊನೆಗೆ ಎರಡು ಡಾಲರ್ ಉಳಿಸಿಕೊಳ್ಳುತ್ತಾನೆ. ಸಹಕಾರ ಸಂಘದ ಲೆಕ್ಕ ಗೊತ್ತಿರುವ ನಮ್ಮ ಊರುಗಳವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಇದರ ಹಿಮದ ಬಗ್ಗೆ ಹೇಳಲೇಬೇಕು. ಆ ಕಾಲದ ಸ್ಟುಡಿಯೋಗಳು ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಸುತ್ತಿದ್ದವು. ಕಾಲಿಟ್ಟರೆ ಕರಕರ ಸದ್ದು, ಹಾಗಾಗಿ ಮಾತನ್ನು ಆಮೇಲೆ ಡಬ್ ಮಾಡಬೇಕಿತ್ತು. ಈ ಚಿತ್ರಕ್ಕೆ ಬೆಂಕಿ ಆರಿಸುವ ಫೋಮೈಟ್, ಸೋಪು, ನೀರು ಬೆರೆಸಿ ಗಾಳಿಯಂತ್ರದಿಂದ ತೂರಿದರು. ಸದ್ದಿಲ್ಲದ ಹಿಮ ಸಿಕ್ಕಿತು, ಮಾತನ್ನು ಚಿತ್ರೀಕರಣದ ಜಾಗದಲ್ಲೇ ದಾಖಲಿಸಲು ಆಯಿತು. ಆರ್‌ಕೆಓ ಸ್ಟುಡಿಯೋದ ತಂಡಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ. ಸ್ಟೀವರ್ಟ್ ಮುಖದ ಬೆವರು ಕೆಲವು ಶಾಟ್‌ಗಳಲ್ಲಿ ಕಾಣುತ್ತದೆ, ಪಾತ್ರದ ದಿಗಿಲಿಗೆ ಅದು ಸರಿಯಾಗಿಯೇ ಹೊಂದಿದೆ. ಬಿಡುಗಡೆಯಾದಾಗ ಹಾಕಿದ ಹಣವೂ ವಾಪಸ್ ಬರಲಿಲ್ಲ. 1974ರಲ್ಲಿ ಕೃತಿಸ್ವಾಮ್ಯದ ಹಕ್ಕು ನವೀಕರಿಸದೆ ಬಿಟ್ಟಿದ್ದರಿಂದ ಟಿವಿ ಚಾನೆಲ್‌ಗಳು ಪ್ರತಿ ಡಿಸೆಂಬರ್ ಪುಕ್ಕಟೆಯಾಗಿ ತೋರಿಸತೊಡಗಿದವು. ಅಮೆರಿಕದ ಮನೆಮನೆಗೆ ಇದು ಹೀಗೆ ತಲುಪಿತು.

ನೋಡುವಾಗ ಎರಡು ಎಚ್ಚರಿಕೆ. ಬಣ್ಣ ತುಂಬಿದ ಆವೃತ್ತಿಯೂ ಇದೆ, ಅದನ್ನು ಬಿಡಿ. ನೆರಳಿನಲ್ಲಿ ಕಟ್ಟಿದ ರಾತ್ರಿ ದೃಶ್ಯಗಳು ಅದರಲ್ಲಿ ಚಪ್ಪಟೆಯಾಗುತ್ತವೆ. ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಇರುವುದು ಸರಿಯಾದದ್ದೇ. ಟಿವಿಯಲ್ಲಿ ಜೂಮ್ ಒತ್ತಿದರೆ ತಲೆ, ಪಾದ ಕತ್ತರಿಸಿ ಹೋಗುತ್ತವೆ.

ಇತ್ತೀಚಿನವುಗಳಲ್ಲಿ ನನ್ನ ಮೊದಲ ಆಯ್ಕೆ ದ ಹೋಲ್ಡೋವರ್ಸ್ (2023, 133 ನಿಮಿಷ). 1970ರ ಡಿಸೆಂಬರ್, ಮ್ಯಾಸಚೂಸೆಟ್ಸ್‌ನ ಒಂದು ಬೋರ್ಡಿಂಗ್ ಶಾಲೆ. ರಜೆಗೆ ಎಲ್ಲರೂ ಮನೆಗೆ ಹೊರಟಾಗ ಆಂಗಸ್ ಎಂಬ ಹುಡುಗನ ತಾಯಿ ಹೊಸ ಗಂಡನ ಜೊತೆ ಪ್ರವಾಸಕ್ಕೆ ಹೋಗುವುದಾಗಿ ಫೋನಿನಲ್ಲಿ ಹೇಳಿಬಿಡುತ್ತಾಳೆ. ಅವನ ಜೊತೆ ಉಳಿಯುವವರು ಯಾರಿಗೂ ಬೇಡದ ಇತಿಹಾಸದ ಮೇಷ್ಟ್ರು ಮತ್ತು ವಿಯೆಟ್ನಾಂ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಅಡುಗೆಯ ಮೇರಿ. ಮೇರಿ ಪಾತ್ರದ ಡಾವೈನ್ ಜಾಯ್ ರಾಂಡಾಲ್ಫ್‌ಗೆ ಪೋಷಕ ನಟಿಯ ಆಸ್ಕರ್ ಬಂತು. ಕ್ರಿಸ್‌ಮಸ್ ಪಾರ್ಟಿಯ ಗದ್ದಲದ ನಡುವೆ ಅಡುಗೆಮನೆಯಲ್ಲಿ ಅವರು ಒಡೆದುಹೋಗುವ ದೃಶ್ಯ ಒಂದೇ ಸಾಕು ಆ ಪ್ರಶಸ್ತಿಗೆ. ಆಂಗಸ್ ಆಗಿ ನಟಿಸಿದ ಡೊಮಿನಿಕ್ ಸೆಸ್ಸಾ ಚಿತ್ರೀಕರಣ ನಡೆದ ಶಾಲೆಗಳಲ್ಲಿ ಒಂದರ ವಿದ್ಯಾರ್ಥಿಯಾಗಿದ್ದ, ಇದು ಅವನ ಮೊದಲ ಸಿನಿಮಾ. ಹದಿಹರೆಯದವರನ್ನು ಮೂವತ್ತರ ನಟರು ಮಾಡುವುದನ್ನು ನೋಡಿ ನೋಡಿ ಬೇಸತ್ತವರಿಗೆ ಅವನ ಉದ್ದ ಕೈಕಾಲು, ಎಲ್ಲಿ ಇಡಬೇಕೆಂದು ತಿಳಿಯದ ನಿಲುವು ನೋಡಿಯೇ ಸಮಾಧಾನವಾಗುತ್ತದೆ.

ನಿರ್ದೇಶಕ ಅಲೆಕ್ಸಾಂಡರ್ ಪೇನ್ ಚಿತ್ರವನ್ನು ಡಿಜಿಟಲ್‌ನಲ್ಲಿ ತೆಗೆದು, ಆಮೇಲೆ ಹಳೆಯ ಫಿಲ್ಮಿನಲ್ಲಿ ಕಾಣುವ ಕಾಳುಕಾಳು (ಗ್ರೇನ್), ಮಸುಕು, ದೀಪದ ಸುತ್ತಲಿನ ಕೆಂಪು ಹೊಳಪು ಸೇರಿಸಿದ್ದಾರೆ. ಆರಂಭದ ಕಂಪನಿ ಲೋಗೋಗಳೂ ಆ ಕಾಲದ ಶೈಲಿಯವು. ಒಂದು ಕೊರತೆ ಇದೆ. ಶುರುವಿನಲ್ಲಿ ಶಾಲೆಯಲ್ಲಿ ಐವರು ಹುಡುಗರು ಉಳಿದಿರುತ್ತಾರೆ. ಅವರ ಪರಿಚಯಕ್ಕೆ ಸಾಕಷ್ಟು ಸಮಯ ಕೊಟ್ಟು, ಆಮೇಲೆ ಹೆಲಿಕಾಪ್ಟರ್ ಬಂದು ನಾಲ್ವರನ್ನು ಒಟ್ಟಿಗೆ ಹೊತ್ತೊಯ್ಯುತ್ತದೆ. ಚಿಕ್ಕ ಕೊರಿಯನ್ ಹುಡುಗನ ಮನೆನೆನಪಿನ ಎಳೆಯನ್ನು ಅಷ್ಟಕ್ಕೇ ಬಿಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿಯವರೆಗೆ ತಾಳ್ಮೆ ಇಟ್ಟುಕೊಂಡರೆ ಮುಂದಿನದು ಒಂದೇ ಗುಕ್ಕಿಗೆ ಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಆರ್ ರೇಟಿಂಗ್. ಬೈಗುಳ ಬಹಳ, ಸ್ವಲ್ಪ ಮಾದಕ ವಸ್ತು ಇದೆ. ಚಿಕ್ಕ ತಮ್ಮ ತಂಗಿಯರ ಜೊತೆ ಕೂತು ನೋಡುವ ಚಿತ್ರವಲ್ಲ.

ಅವರಿಗೆ ಕ್ಲಾಸ್ (2019, ನೆಟ್‌ಫ್ಲಿಕ್ಸ್) ಹಾಕಿಕೊಡಿ. ಸೋಮಾರಿ ಪೋಸ್ಟ್‌ಮ್ಯಾನ್ ಜೆಸ್ಪರ್‌ನನ್ನು ಅವನ ಅಪ್ಪ ಹಿಮದ ದ್ವೀಪವೊಂದಕ್ಕೆ ಅಟ್ಟುತ್ತಾನೆ: ಒಂದು ವರ್ಷದಲ್ಲಿ 6,000 ಪತ್ರ ಸಾಗಿಸಬೇಕು, ಇಲ್ಲದಿದ್ದರೆ ಆಸ್ತಿಯಿಲ್ಲ. ಜಗಳಗಂಟ ಊರಿನಲ್ಲಿ ಯಾರೂ ಪತ್ರ ಬರೆಯುವುದಿಲ್ಲ. ಆಟಿಕೆ ಬೇಕಾದರೆ ಪತ್ರ ಬರೆಯಿರಿ ಎಂದು ಮಕ್ಕಳಿಗೆ ಆಸೆ ಹುಟ್ಟಿಸಿದಲ್ಲಿಂದ ಸಾಂಟಾ ಕಥೆಯ ಒಂದೊಂದು ನಂಬಿಕೆಗೂ, ಹೊಗೆಗೂಡಿಗೂ, ಹಾರುವ ಬಂಡಿಗೂ ಲೌಕಿಕ ಕಾರಣ ಹುಟ್ಟಿಕೊಳ್ಳುತ್ತಾ ಹೋಗುತ್ತದೆ. ನಿರ್ದೇಶಕ ಸೆರ್ಹಿಯೋ ಪಾಬ್ಲೋಸ್ ಮತ್ತು ಮ್ಯಾಡ್ರಿಡ್‌ನ ತಂಡ ಇದನ್ನು ಕೈಯಿಂದಲೇ ಬಿಡಿಸಿದೆ. ಮಾಮೂಲಿ 2ಡಿ ಚಿತ್ರದಲ್ಲಿ ಹಿನ್ನೆಲೆ ತುಂಬು ಬಣ್ಣದಲ್ಲಿದ್ದರೆ ಪಾತ್ರಗಳು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತವೆ. ಇಲ್ಲಿ ರೇಖೆಯ ಮೇಲೆ ಬೆಳಕು, ನೆರಳನ್ನು ಚಲನೆಗೆ ತಕ್ಕಂತೆ ಜೋಡಿಸುವ ಹೊಸ ಸಾಧನ ಬಳಸಿದ್ದಾರೆ. 3ಡಿ ಅನ್ನಿಸಿದರೂ ರೇಖೆಯ ಜೀವ ಉಳಿದಿದೆ. ಉತ್ತರ ಯುರೋಪಿನ ಸಾಮಿ ಭಾಷೆಯ ಪುಟ್ಟ ಹುಡುಗಿ ಮಾರ್ಗುವಿನ ಮಾತಿಗೆ ಸಬ್‌ಟೈಟಲ್ ಕೊಟ್ಟಿಲ್ಲ. ಅದು ತಪ್ಪಿನಿಂದಾದದ್ದಲ್ಲ. ಜೆಸ್ಪರ್‌ಗೆ ಅರ್ಥವಾಗದ್ದು ನಮಗೂ ಅರ್ಥವಾಗಬಾರದು. ಕೊನೆಗೆ ಬರುವ ಸುಳ್ಳು ಬಯಲಾಗುವ ತಿರುವು ಮಾತ್ರ ಹಳಸಲು. ಬ್ರಿಟನ್ನಿನ ಬಾಫ್ಟಾ ಅನಿಮೇಷನ್ ಪ್ರಶಸ್ತಿ ಇದಕ್ಕೆ ಬಂತು. ಆಸ್ಕರ್‌ನಲ್ಲಿ ನಾಮನಿರ್ದೇಶನಕ್ಕೇ ನಿಂತಿತು, ನನ್ನ ಮಟ್ಟಿಗೆ ಅದು ಅನ್ಯಾಯ.

ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್ (1993, 76 ನಿಮಿಷ) ಟಿಮ್ ಬರ್ಟನ್ ಚಿತ್ರವೆಂದೇ ಹೆಸರಾದರೂ ನಿರ್ದೇಶಿಸಿದ್ದು ಹೆನ್ರಿ ಸೆಲಿಕ್. ಬರ್ಟನ್ ಕಥೆ ಕೊಟ್ಟು ನಿರ್ಮಿಸಿದರು. ಬೊಂಬೆಯನ್ನು ಒಂದಿಷ್ಟೇ ಕದಲಿಸಿ ಒಂದು ಫ್ರೇಮ್, ಮತ್ತೆ ಕದಲಿಸಿ ಇನ್ನೊಂದು. ಸೆಕೆಂಡಿಗೆ 24. ನಾಯಕ ಜ್ಯಾಕ್‌ನ ಮುಖಭಾವಗಳಿಗಾಗಿ ಸುಮಾರು 400 ತಲೆಗಳನ್ನು ಮಾಡಿ ಬದಲಿಸುತ್ತಿದ್ದರು. ಇಂಥ ಚಿತ್ರವನ್ನು ಹೊಸ ಟಿವಿಗಳು ತಾವಾಗಿ ಕೆಡಿಸುತ್ತವೆ. ಮೋಷನ್ ಸ್ಮೂದಿಂಗ್ ಎಂಬ ಸೆಟ್ಟಿಂಗ್ ಫ್ರೇಮ್‌ಗಳ ನಡುವೆ ತಾನೇ ಹೊಸ ಫ್ರೇಮ್ ಹುಟ್ಟಿಸಿ ತೂರಿಸುತ್ತದೆ. ಬೊಂಬೆಯ ಚಲನೆಯಲ್ಲಿ ಇರಬೇಕಾದ ಸಣ್ಣ ಕುಲುಕು ಅಳಿಸಿಹೋಗಿ ಧಾರಾವಾಹಿಯ ನುಣುಪು ಬರುತ್ತದೆ, ಕೈಕಾಲಿನ ಅಂಚು ಕಲಸುತ್ತದೆ. ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಆರಿಸಿ. ಅದಿಲ್ಲದಿದ್ದರೆ ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಹುಡುಕಿ ಆಫ್ ಮಾಡಿ. ಬಹುಪಾಲು ದೃಶ್ಯ ಕತ್ತಲಲ್ಲಿರುವುದರಿಂದ ಕೋಣೆಯ ಟ್ಯೂಬ್‌ಲೈಟ್ ಆರಿಸಿ ನೋಡುವುದು ಒಳ್ಳೆಯದು.

ಇನ್ನು ರೆಡ್ ಒನ್ (2024, ಪ್ರೈಮ್ ವಿಡಿಯೋ). ವರದಿಗಳ ಪ್ರಕಾರ 25 ಕೋಟಿ ಡಾಲರ್ ಬಜೆಟ್, ಡ್ವೇನ್ ಜಾನ್ಸನ್, ಕ್ರಿಸ್ ಇವಾನ್ಸ್. ಸಾಂಟಾ ಆಗಿರುವವರು ಜೆ.ಕೆ. ಸಿಮನ್ಸ್, ಕ್ಲಾಸ್ ಚಿತ್ರದ ಸಾಂಟಾ ದನಿಯೂ ಅವರದೇ. ಅಲ್ಲಿ ಕೆಲವೇ ಮಾತಿನಲ್ಲಿ ಹೆಂಡತಿ ಕಳೆದುಕೊಂಡ ದುಃಖ ತುಂಬಿದ ದನಿ ಇಲ್ಲಿ ಅಪಹರಣವಾಗಿ ಬಹುಹೊತ್ತು ಪ್ರಜ್ಞೆ ತಪ್ಪಿ ಬಿದ್ದಿರುತ್ತದೆ. ಆಟಿಕೆ ಅಂಗಡಿಗಳ ಗೋದಾಮಿನ ಬಾಗಿಲಿನಿಂದ ದೇಶದೇಶಕ್ಕೆ ಹಾಯುವ ಕಲ್ಪನೆ ಚೆನ್ನಾಗಿದೆ. ತುಂಟ ಮಕ್ಕಳನ್ನು ದಂಡಿಸುವ ಕೊಂಬಿನ ದೈತ್ಯ ಕ್ರಾಂಪಸ್ ಜೊತೆ ಕಪಾಳಮೋಕ್ಷದ ಪಂದ್ಯವೂ ಚೆನ್ನ, ಏಕೆಂದರೆ ಅಲ್ಲಿ ಮೇಕಪ್ ಹಾಕಿದ ನಟ ಎದುರಿಗಿದ್ದಾನೆ. ಉಳಿದ ಕಡೆ ಕಂದು ಬೂದು ಬೆಳಕು, ಎಲ್ಲಿ ಪೆಟ್ಟು ಬಿತ್ತೆಂದು ತಿಳಿಯದ ಹೊಡೆದಾಟ. ಇವಾನ್ಸ್ ಪಾತ್ರ ಮಗನಿಂದ ದೂರವಾದ ಅಪ್ಪ. ಕಥೆಯ ಹೊಟ್ಟೆ ಇರಬೇಕಾದದ್ದು ಅಲ್ಲಿ, ಅದಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ದೃಶ್ಯ. ದ ಪೋಲಾರ್ ಎಕ್ಸ್‌ಪ್ರೆಸ್ (2004) ಬಗ್ಗೆಯೂ ನನ್ನದು ಹೆಚ್ಚುಕಡಿಮೆ ಇದೇ ದೂರು. ರೈಲು ಅದ್ಭುತ, ಮಕ್ಕಳ ಕಣ್ಣು ನಿರ್ಜೀವ. ನಟರ ಮುಖಕ್ಕೆ ಅಂಟಿಸಿದ ಚುಕ್ಕಿಗಳು ಕೆನ್ನೆ, ತುಟಿಯ ಚಲನೆ ಹಿಡಿದವು, ಕಣ್ಣಿನದು ಸಿಗಲಿಲ್ಲ.

ಅದೇ 2024ರ ದಟ್ ಕ್ರಿಸ್‌ಮಸ್ (ನೆಟ್‌ಫ್ಲಿಕ್ಸ್) ಸದ್ದಿಲ್ಲದೆ ಬಂದುಹೋಯಿತು. ಇಂಗ್ಲೆಂಡಿನ ಕಡಲತೀರದ ಊರು, ಹಿಮಪಾತ, ಹಲವು ಮನೆಗಳ ಕಥೆ. ಎಳೆಗಳು ಜಾಸ್ತಿಯಾಗಿ ಮಧ್ಯದಲ್ಲಿ ಹಿಡಿತ ಸಡಿಲವಾಗುತ್ತದೆ. ಆದರೂ ಡ್ಯಾನಿ ಎಂಬ ಹುಡುಗನಿಗಾಗಿ ನೋಡಿ. ಅಪ್ಪ ಮನೆ ಬಿಟ್ಟಿದ್ದಾರೆ, ಅಮ್ಮ ನರ್ಸ್, ಹಬ್ಬದ ದಿನವೇ ಡ್ಯೂಟಿ. ಅವನಿಗೂ ಶಾಲೆಯ ಕಟ್ಟುನಿಟ್ಟಿನ ಮೇಡಂ ಒಬ್ಬರಿಗೂ ಬೆಳೆಯುವ ಗೆಳೆತನ ಹೋಲ್ಡೋವರ್ಸ್ ಕಥೆಯನ್ನು ಹತ್ತು ವರ್ಷದ ಮಕ್ಕಳಿಗೆ ಹೇಳಿದಂತಿದೆ. ದಸರಾ ರಜೆಗೆ ಅಜ್ಜಿ ಮನೆಗೆ ಹೋಗಲಾಗದೆ ಉಳಿದ ಮಗುವಿನ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಇಷ್ಟೇ ಅಕ್ಕರೆಯಿಂದ ಮಾಡಿದರೆ ಮೊದಲ ದಿನದ ಟಿಕೆಟ್ ನನ್ನದು.